ಸಿಂಥ್ ಕೊಳ್ಳುವ ಮುನ್ನ: ಓದುಗರ ಪ್ರಶ್ನೆ, ನಮ್ಮ ಉತ್ತರ

ಎಲೆಕ್ಟ್ರಾನಿಕ್ ಸಂಗೀತದ ಕುರಿತು ಬಂದ ಪತ್ರಗಳಲ್ಲಿ ಸಿಂಥಸೈಜರ್ (ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ವಾದ್ಯ, ಚಿಕ್ಕದಾಗಿ ಸಿಂಥ್) ಆಯ್ಕೆಯ ಪ್ರಶ್ನೆಗಳೇ ಹೆಚ್ಚಿದ್ದವು. ಒಂದೇ ಬಗೆಯವನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಟೆಕ್ನೋ, ಹೌಸ್ ಮಾಡುವ ಆಸೆ. 8 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪ್ ಇದೆ, ಕೈಯಲ್ಲಿ 45,000 ರೂಪಾಯಿ ಇದೆ, ಬೇರೇನೂ ಇಲ್ಲ. ಅನಲಾಗ್ ಹಾರ್ಡ್‌ವೇರ್ ಆದರೆ ಮಾತ್ರ ದಪ್ಪ ಬೇಸ್ ಬರುತ್ತದೆ ಅಂತ ಗೆಳೆಯರು ಹೇಳುತ್ತಾರೆ. ಪೂರ್ತಿ ಹಣಕ್ಕೆ ಒಂದು ಸಿಂಥ್ ತೆಗೆದುಕೊಂಡುಬಿಡಲೇ?
— ಎಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ

ಬೇಡ. ಸಿಂಥ್ ಮನೆಗೆ ಬಂದ ದಿನವೇ ಅದರ ಸದ್ದನ್ನು ಲ್ಯಾಪ್‌ಟಾಪ್‌ಗೆ ತರಲು ಆಡಿಯೋ ಇಂಟರ್‌ಫೇಸ್ ಬೇಕಾಗುತ್ತದೆ, ಕೇಳಲು ಒಳ್ಳೆಯ ಹೆಡ್‌ಫೋನ್ ಬೇಕಾಗುತ್ತದೆ, ಕಾಲಿಂಚಿನ ಜ್ಯಾಕ್ ಇರುವ ಕೇಬಲ್ ಎರಡು ಬೇಕಾಗುತ್ತವೆ. ಇವಕ್ಕೆ ಹಣ ಉಳಿಸಿಕೊಳ್ಳದವರು ಸಿಂಥನ್ನು ಮೊಬೈಲ್ ಇಯರ್‌ಫೋನಿನಲ್ಲಿ ಕೇಳುತ್ತ ಕೂರಬೇಕಾಗುತ್ತದೆ. ಮೊದಲು ಎರಡು ಇನ್‌ಪುಟ್‌ನ ಇಂಟರ್‌ಫೇಸ್, ಕಿವಿಯನ್ನು ಪೂರ್ತಿ ಮುಚ್ಚುವ ವೈರ್ ಹೆಡ್‌ಫೋನ್, 25 ಅಥವಾ 37 ಕೀಗಳ ಮಿಡಿ ಕೀಬೋರ್ಡ್ (ತಾನೇ ಸದ್ದು ಮಾಡದೆ, ಯಾವ ಕೀ ಒತ್ತಿದಿರೆಂದು ಲ್ಯಾಪ್‌ಟಾಪ್‌ಗೆ ತಿಳಿಸುವಂಥದ್ದು) ಕೊಳ್ಳಿ. ಉಳಿದ ಹಣವನ್ನು ಮುಟ್ಟಬೇಡಿ.

ಸಿಂಥ್ ಸದ್ಯಕ್ಕೆ ಪ್ಲಗಿನ್ (ಲ್ಯಾಪ್‌ಟಾಪ್‌ನಲ್ಲೇ ಓಡುವ ತಂತ್ರಾಂಶ) ರೂಪದಲ್ಲಿ ಉಚಿತವಾಗಿಯೇ ಸಿಗುತ್ತದೆ. ಸರ್ಜ್ ಎಕ್ಸ್‌ಟಿ ಪೂರ್ತಿ ಉಚಿತ. ವೈಟಲ್‌ನ ಉಚಿತ ಆವೃತ್ತಿಯಲ್ಲಿ ಪ್ರಿಸೆಟ್ (ಸಿದ್ಧ ಸದ್ದು) ಮತ್ತು ವೇವ್‌ಟೇಬಲ್ (ತರಂಗಗಳ ಸಂಗ್ರಹ) ಕಡಿಮೆ ಇರುತ್ತವೆ, ಎಂಜಿನ್ ಮಾತ್ರ ಹಣ ಕೊಟ್ಟವರಿಗೆ ಸಿಗುವುದೇ. ಎರಡರಲ್ಲಿ ಒಂದನ್ನು ಆರಿಸಿ, ಅದೊಂದನ್ನೇ ಕಲಿಯಿರಿ. ಹತ್ತು ಪ್ಲಗಿನ್ ತುಂಬಿಕೊಂಡು ಪ್ರಿಸೆಟ್ ಉರುಳಿಸುತ್ತ ಕೂತರೆ ವರ್ಷ ಕಳೆದರೂ ಫಿಲ್ಟರ್ (ಸದ್ದನ್ನು ಸೋಸುವ ಭಾಗ) ಏನು ಮಾಡುತ್ತದೆಂದು ತಿಳಿಯುವುದಿಲ್ಲ.

ಗೆಳೆಯರು ಹೇಳಿದ ದಪ್ಪ ಬೇಸನ್ನು ಸರ್ಜ್‌ನಲ್ಲೇ ಕಟ್ಟಿ ನೋಡಿ. 'ಇನಿಟ್ ಸಾ' ಪ್ಯಾಚ್ (ಒಂದು ಸದ್ದಿನ ಸೆಟ್ಟಿಂಗ್‌ಗಳ ಕಟ್ಟು) ತೆರೆದು ಮೋನೋಗೆ (ಒಮ್ಮೆಗೆ ಒಂದೇ ಸ್ವರ) ತನ್ನಿ. ಎರಡನೇ ಆಸಿಲೇಟರನ್ನೂ (ತರಂಗ ಹುಟ್ಟಿಸುವ ಭಾಗ) ಗರಗಸದಾಕಾರದ ಸಾ ತರಂಗಕ್ಕಿಟ್ಟು 7 ಸೆಂಟ್ಸ್ (ನೂರು ಸೆಂಟ್ಸ್ ಅಂದರೆ ಒಂದು ಸೆಮಿಟೋನ್) ಮೇಲಕ್ಕೆ ಡಿಟ್ಯೂನ್ ಮಾಡಿ. ಫಿಲ್ಟರ್ 24 ಡಿಬಿ ಲೋ-ಪಾಸ್ (ತಗ್ಗು ಸದ್ದನ್ನಷ್ಟೇ ಬಿಡುವಂಥದ್ದು), ಕಟ್‌ಆಫ್ 200 ಹರ್ಟ್ಸ್ ಆಸುಪಾಸು (ಅದರಿಂದ ಮೇಲಿನದು ಸೋಸಿಹೋಗುತ್ತದೆ), ರೆಸೊನೆನ್ಸ್ (ಆ ಅಂಚಿಗೆ ಕೊಡುವ ಒತ್ತು) ಕಾಲು ಭಾಗ. ಫಿಲ್ಟರ್ ಎನ್ವಲಪ್‌ಗೆ (ಕೀ ಒತ್ತಿದ ಮೇಲಿನ ಏರಿಳಿತ ನಿರ್ಧರಿಸುವ ಭಾಗ) ಅಟ್ಯಾಕ್ (ಏರುವ ಸಮಯ) ಸೊನ್ನೆ, ಡಿಕೇ (ಇಳಿಯುವ ಸಮಯ) 150 ಮಿಲಿಸೆಕೆಂಡ್, ಸಸ್ಟೇನ್ (ಕೀ ಹಿಡಿದಿರುವಾಗ ನಿಲ್ಲುವ ಮಟ್ಟ) ಸೊನ್ನೆ ಕೊಟ್ಟು, ಅದು ಕಟ್‌ಆಫನ್ನು 36 ಸೆಮಿಟೋನ್ ಮೇಲಕ್ಕೆತ್ತುವಂತೆ ಮಾಡಿ. ಆಂಪ್ ಎನ್ವಲಪ್‌ಗೆ (ಸದ್ದಿನ ಗಟ್ಟಿತನದ ಏರಿಳಿತ) ಅಟ್ಯಾಕ್ 2, ರಿಲೀಸ್ (ಕೀ ಬಿಟ್ಟ ಮೇಲೆ ಆರುವ ಸಮಯ) 80 ಮಿಲಿಸೆಕೆಂಡ್ ಸಾಕು.

ಇದರಲ್ಲಿ ಎಡವಟ್ಟಾಗುವ ಜಾಗಗಳು ಮೂರು. ಆಂಪ್ ಅಟ್ಯಾಕನ್ನು ಸೊನ್ನೆಗೆ ಇಳಿಸಿದರೆ ಪ್ರತಿ ಸ್ವರದ ಮೊದಲಿಗೆ 'ಟಕ್' ಅನ್ನುತ್ತದೆ, ಏಕೆಂದರೆ ತರಂಗ ಎಲ್ಲಿದೆಯೋ ಅಲ್ಲಿಂದಲೇ ಧುತ್ತನೆ ಶುರುವಾಗುತ್ತದೆ. ವೇಗ 128 ಬಿಪಿಎಂ (ನಿಮಿಷಕ್ಕೆ ಬೀಳುವ ಪೆಟ್ಟು) ಇದ್ದರೆ ಒಂದು ಹದಿನಾರನೇ ಸ್ವರದ, ಅಂದರೆ ಕಾಲು ಪೆಟ್ಟಿನ, ಅವಧಿ 117 ಮಿಲಿಸೆಕೆಂಡ್. ರಿಲೀಸ್ ಅದನ್ನು ಮೀರಿದರೆ ಸ್ವರಗಳ ನಡುವಿನ ಬಿಡುವು ತುಂಬಿಹೋಗಿ ತಾಳ ಮಸುಕಾಗುತ್ತದೆ.

ಮೂರನೆಯದು ಹೊಸಬರಿಗೆ ಬೇಗ ಹೊಳೆಯುವುದಿಲ್ಲ. 55 ಹರ್ಟ್ಸ್‌ನ ಸ್ವರವನ್ನು 7 ಸೆಂಟ್ಸ್ ಡಿಟ್ಯೂನ್ ಮಾಡಿದರೆ ಎರಡು ಆಸಿಲೇಟರ್‌ಗಳ ನಡುವಿನ ಅಂತರ ಸುಮಾರು 0.22 ಹರ್ಟ್ಸ್. ಅಂದರೆ ನಾಲ್ಕೂವರೆ ಸೆಕೆಂಡಿಗೊಮ್ಮೆ ಅವು ಒಂದನ್ನೊಂದು ರದ್ದು ಮಾಡಿ ತಳದ ಸದ್ದು ಮಾಯವಾಗುತ್ತದೆ. ಕೆಲವು ಸಲ ಬೇಸ್ ತುಂಬಿಕೊಂಡು, ಕೆಲವು ಸಲ ಜೊಳ್ಳಾಗಿ ಕೇಳುವುದು ಇದರಿಂದಲೇ. ತಳಕ್ಕೆ ಡಿಟ್ಯೂನ್ ಇಲ್ಲದ ಒಂದು ಸೈನ್ ತರಂಗ ಸೇರಿಸಿ, ಡಿಟ್ಯೂನ್ ಆದ ಜೋಡಿಯನ್ನು 120 ಹರ್ಟ್ಸ್‌ನ ಕೆಳಗೆ ಹೈ-ಪಾಸ್‌ನಿಂದ ಕತ್ತರಿಸಿ. ರಿಟ್ರಿಗರ್ ಆನ್ ಮಾಡಿದರೆ ಪ್ರತಿ ಸ್ವರವೂ ಒಂದೇ ಹಂತದಿಂದ ಶುರುವಾಗಿ ಬಲ ಸಮನಾಗಿರುತ್ತದೆ. ಅನಲಾಗ್ ಯಂತ್ರವಾದರೂ ಈ ಲೆಕ್ಕದಿಂದ ತಪ್ಪಿಸಿಕೊಳ್ಳಲಾರದು. ದಪ್ಪ ಬೇಸ್ ಹುಟ್ಟುವುದು ಪ್ಯಾಚ್‌ನಲ್ಲಿ.

ಇದನ್ನು ಮೌಸ್‌ನಿಂದ ಮಾಡುವಾಗ 'ಕಟ್‌ಆಫ್ ಒಂದು ಕೈಲಿ, ಡಿಕೇ ಇನ್ನೊಂದು ಕೈಲಿ ಇದ್ದಿದ್ದರೆ' ಎಂದು ಮತ್ತೆ ಮತ್ತೆ ಅನ್ನಿಸತೊಡಗಿದರೆ ಆಗ ಹಾರ್ಡ್‌ವೇರ್ ನೋಡಿ. ನಿಮ್ಮ ಶೈಲಿಗೆ ನಾವು ಹೇಳುವುದು ನೊವೇಶನ್ ಬೇಸ್ ಸ್ಟೇಶನ್ II. ಎರಡು ಆಸಿಲೇಟರ್, ತಳದ ಸದ್ದಿಗೆ ಒಂದು ಸಬ್ ಆಸಿಲೇಟರ್, ಪೂರ್ಣ ಗಾತ್ರದ 25 ಕೀ, ಬಹುಪಾಲು ಕೆಲಸಕ್ಕೆ ಒಂದೊಂದು ನಾಬ್. ಒಮ್ಮೆಗೆ ಒಂದೇ ಸ್ವರ ನುಡಿಸುತ್ತದೆ, ಬೇಸ್‌ಗೆ ಅಷ್ಟು ಸಾಕು. ಕಾರ್ಡ್‌ಗಳೂ (ಒಟ್ಟಿಗೆ ನುಡಿಯುವ ಹಲವು ಸ್ವರ) ಬೇಕೆಂದರೆ ನಾಲ್ಕು ಧ್ವನಿಯ ಕಾರ್ಗ್ ಮಿನಿಲಾಗ್ ಎಕ್ಸ್‌ಡಿ. ಆರ್ಟೂರಿಯಾ ಮೈಕ್ರೋಫ್ರೀಕ್‌ನ ಸದ್ದಿನ ವೈವಿಧ್ಯ ದೊಡ್ಡದು. ಆದರೆ ಅದರ ಕೀಬೋರ್ಡ್ ಚಪ್ಪಟೆ ಸ್ಪರ್ಶ ಫಲಕ, ನಾಲ್ಕೂ ಸ್ವರಕ್ಕೆ ಫಿಲ್ಟರ್ ಒಂದೇ. ಒಂದು ಕಾರ್ಡ್ ಹಿಡಿದಿರುವಾಗ ಹೊಸ ಸ್ವರ ಒತ್ತಿದರೆ ಹಿಡಿದ ಸ್ವರಗಳಿಗೂ ಫಿಲ್ಟರ್ ಮತ್ತೆ ತೆರೆದುಕೊಳ್ಳುತ್ತದೆ. ಕೊಳ್ಳುವ ಮುನ್ನ ಇದನ್ನು ನುಡಿಸಿ ನೋಡಲೇಬೇಕು.

ಪ್ರಶ್ನೆ: ಕೀ ಒತ್ತಿದ ಮೇಲೆ ತಡವಾಗಿ ಸದ್ದು ಬರುತ್ತದೆ. ತಡ ಕಡಿಮೆ ಮಾಡಲು ಹೋದರೆ ಪಟಪಟ ಸದ್ದು. ಲ್ಯಾಪ್‌ಟಾಪ್ ಬದಲಿಸಬೇಕೇ?
— ಓದುಗರು, ಹುಬ್ಬಳ್ಳಿ

ಮೊದಲು ಬ್ಲೂಟೂತ್ ಹೆಡ್‌ಫೋನ್ ತೆಗೆಯಿರಿ. ಅದೊಂದೇ 100ರಿಂದ 200 ಮಿಲಿಸೆಕೆಂಡ್ ನುಂಗುತ್ತದೆ, ಯಾವ ಸೆಟ್ಟಿಂಗ್‌ನಿಂದಲೂ ಅದು ಸರಿಹೋಗದು. ವಿಂಡೋಸ್ ಆಗಿದ್ದರೆ ಇಂಟರ್‌ಫೇಸ್ ತಯಾರಕರದೇ ಅಸಿಯೋ ಡ್ರೈವರ್ (ಸದ್ದಿನ ತಡ ತಗ್ಗಿಸುವ ತಂತ್ರಾಂಶ) ಹಾಕಿ. ಇಂಟರ್‌ಫೇಸ್ ಇಲ್ಲದವರು ಅಸಿಯೋ4ಆಲ್ ಬಳಸಬಹುದು.

48 ಕಿಲೋಹರ್ಟ್ಸ್‌ನಲ್ಲಿ 128 ಸ್ಯಾಂಪಲ್ ಬಫರ್ (ಲ್ಯಾಪ್‌ಟಾಪ್ ಒಮ್ಮೆಗೆ ಸಿದ್ಧಪಡಿಸುವ ಸದ್ದಿನ ತುಂಡು) ಅಂದರೆ 2.7 ಮಿಲಿಸೆಕೆಂಡ್, 256 ಅಂದರೆ 5.3, 512 ಅಂದರೆ 10.7. ಇದರ ಮೇಲೆ ಡ್ರೈವರ್ ಮತ್ತು ಪರಿವರ್ತಕಗಳದು ಇನ್ನಷ್ಟು ಸೇರುತ್ತದೆ. ನುಡಿಸುವಾಗ 128 ಅಥವಾ 256, ಮಿಕ್ಸ್ ಮಾಡುವಾಗ 1024 ಇಟ್ಟುಕೊಳ್ಳಿ. ಎರಡೂ ಕೆಲಸಕ್ಕೆ ಒಂದೇ ಬಫರ್ ಬೇಕೆಂಬ ಹಟ ಬೇಡ.

ಪಟಪಟ ಸದ್ದಿಗೆ ಬಹಳ ಸಲ ಕಾರಣ ಪ್ಯಾಚ್. ನಾಲ್ಕು ಸ್ವರದ ಕಾರ್ಡ್, ರಿಲೀಸ್ 5 ಸೆಕೆಂಡ್, ಸೆಕೆಂಡಿಗೊಂದು ಕಾರ್ಡ್ ಎಂದಿಟ್ಟುಕೊಳ್ಳಿ. ಯಾವ ಗಳಿಗೆಯಲ್ಲೂ ಇಪ್ಪತ್ತಕ್ಕೂ ಹೆಚ್ಚು ಧ್ವನಿಗಳು ಜೀವಂತವಾಗಿರುತ್ತವೆ. ಯುನಿಸನ್ (ಒಂದೊಂದು ಧ್ವನಿಗೂ ನುಡಿಯುವ ಪ್ರತಿಗಳು) 7 ಇದ್ದರೆ 140 ಆಸಿಲೇಟರ್. ರಿಲೀಸ್ 1.5 ಸೆಕೆಂಡಿಗೆ ಇಳಿಸಿ, ಬಾಲದ ಕೆಲಸವನ್ನು ರಿವರ್ಬ್‌ಗೆ ಬಿಡಿ. ಪಾಲಿಫೋನಿ (ಒಮ್ಮೆಗೆ ನುಡಿಯುವ ಧ್ವನಿಗಳ) ಮಿತಿಯನ್ನು 8ಕ್ಕೆ ಕಟ್ಟಿಹಾಕಿ. ಯು-ಹಿ ಕಂಪನಿಯ ಡೀವಾದಂಥ ಭಾರದ ಪ್ಲಗಿನ್‌ನಲ್ಲಿ ಅಕ್ಯುರಸಿಯನ್ನು 'ಡ್ರಾಫ್ಟ್' ಇಟ್ಟು ನುಡಿಸಿ, ರೆಂಡರ್ ಮಾಡುವಾಗ 'ಡಿವೈನ್'ಗೆ ಏರಿಸಿ. ಮುಗಿದ ಟ್ರ್ಯಾಕನ್ನು ಫ್ರೀಜ್ ಮಾಡಿ (ಸಿದ್ಧ ಆಡಿಯೋ ಆಗಿ ಉಳಿಸಿ).

ಇಷ್ಟಾದರೂ ನಿಲ್ಲದಿದ್ದರೆ ವೈಫೈ ಆಫ್ ಮಾಡಿ, ಚಾರ್ಜರ್ ಹಾಕಿ, ಪವರ್ ಪ್ಲಾನ್ 'ಹೈ ಪರ್ಫಾರ್ಮೆನ್ಸ್'ಗೆ ತನ್ನಿ. ಬೇಸಿಗೆ ಮಧ್ಯಾಹ್ನ ಮಾತ್ರ ಹೀಗಾಗುತ್ತಿದ್ದರೆ ಪ್ರೊಸೆಸರ್ ಬಿಸಿಯಾಗಿ ತಾನೇ ವೇಗ ತಗ್ಗಿಸಿಕೊಳ್ಳುತ್ತಿದೆ. ಫ್ಯಾನ್‌ನ ಧೂಳು ತೆಗೆಸಿ. ಲ್ಯಾಪ್‌ಟಾಪ್ ಬದಲಿಸುವ ಮಾತು ಆಮೇಲಿನದು.

ಪ್ರಶ್ನೆ: ಕರ್ನಾಟಕ ಸಂಗೀತ ಕಲಿತಿದ್ದೇನೆ, ನನ್ನ ಶ್ರುತಿ ಐದು ಕಟ್ಟೆ. ಸಿಂಥ್‌ನಲ್ಲಿ ರಾಗ ನುಡಿಸಿದರೆ ಹಾರ್ಮೋನಿಯಂ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಕೇಳುತ್ತದೆ. ಗಮಕಕ್ಕೆ ಯಾವ ಸಿಂಥ್ ಒಳ್ಳೆಯದು? ಸ್ವರಸ್ಥಾನ ತಿದ್ದಿಕೊಳ್ಳಬಹುದೇ?
— ಸಂಗೀತ ಶಿಕ್ಷಕಿ, ಮೈಸೂರು

ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಸಮಸ್ಯೆಗಳಿವೆ. ಒಂದು ಸ್ವರದಿಂದ ಸ್ವರಕ್ಕೆ ಹೋಗುವ ದಾರಿ, ಇನ್ನೊಂದು ಸ್ವರ ನಿಲ್ಲುವ ಜಾಗ. ಮೊದಲನೆಯದೇ ಮುಖ್ಯ. ಸ್ವರಸ್ಥಾನ ಎಷ್ಟು ತಿದ್ದಿದರೂ ಗಮಕವಿಲ್ಲದ ತೋಡಿ ತೋಡಿಯಾಗುವುದಿಲ್ಲ.

ಸಿಂಥನ್ನು ಮೋನೋ ಮತ್ತು ಲೆಗಾಟೋಗೆ ಇಡಿ. ಆಗ ಒಂದು ಕೀ ಒತ್ತಿಯೇ ಇನ್ನೊಂದು ಒತ್ತಿದರೆ ಎನ್ವಲಪ್ ಹೊಸದಾಗಿ ಶುರುವಾಗುವುದಿಲ್ಲ, ಮೀಟು ಇಲ್ಲದೆ ಸ್ವರ ಸರಿಯುತ್ತದೆ. ಗ್ಲೈಡ್ (ಸ್ವರ ಜಾರುವ ಸಮಯ) 60ರಿಂದ 120 ಮಿಲಿಸೆಕೆಂಡ್, ಅದೂ ಲೆಗಾಟೋದಲ್ಲಿ ಮಾತ್ರ ಆಗುವಂತೆ. ಷಡ್ಜದಿಂದ ಪಂಚಮಕ್ಕೆ ಜಾರು ಹೀಗೆ ಬರುತ್ತದೆ. ಕಂಪಿತಕ್ಕೆ ಪಿಚ್ ಬೆಂಡ್ ಚಕ್ರವೇ ಬೇಕು. ಎಲ್‌ಎಫ್‌ಒ (ತಾನಾಗಿ ಅಲುಗಿಸುವ ನಿಧಾನ ತರಂಗ) ಹಾಕಿದರೆ ಒಂದೇ ಸಮನೆ ಅಲುಗುತ್ತದೆ, ಕಂಪಿತವೋ ಒಂದೊಂದು ತುದಿಯಲ್ಲಿ ಒಂದೊಂದು ಹೊತ್ತು ನಿಲ್ಲುತ್ತದೆ. ತೋಡಿಯ ಗಾಂಧಾರ ಶುದ್ಧ ಋಷಭದ ಕಡೆಯಿಂದ ಶುದ್ಧ ಮಧ್ಯಮದ ಕಡೆಗೆ ತೂಗುವಂಥದ್ದು. ಸಾಧಾರಣ ಗಾಂಧಾರದ ಕೀ ಒತ್ತಿದರೆ ಎರಡೂ ಕಡೆಗೆ ಎರಡೆರಡು ಸೆಮಿಟೋನ್. ಆದ್ದರಿಂದ ಬೆಂಡ್ ವ್ಯಾಪ್ತಿ ±2 ಇದಕ್ಕೆ ಹೇಳಿ ಮಾಡಿಸಿದಂತಿದೆ, ಚಕ್ರದ ತುದಿಗಳೇ ನಿಮಗೆ ಋಷಭ, ಮಧ್ಯಮ.

±12 ಇಟ್ಟುಕೊಳ್ಳುವವರು ಕೀಬೋರ್ಡ್ ಪರೀಕ್ಷಿಸಬೇಕು. ಮಿಡಿಯಲ್ಲಿ ಪಿಚ್ ಬೆಂಡ್‌ಗೆ 16,384 ಹಂತಗಳಿವೆ, ±12ರಲ್ಲಿ ಒಂದು ಹಂತ 0.15 ಸೆಂಟ್ಸ್. ಆದರೆ ಅಗ್ಗದ ಕೆಲವು ಕೀಬೋರ್ಡ್‌ಗಳು 128 ಹಂತ ಮಾತ್ರ ಕಳಿಸುತ್ತವೆ. ಆಗ ಒಂದು ಹಂತ 19 ಸೆಂಟ್ಸ್ ಹತ್ತಿರ, ಜಾರು ಗರಗಸದಂತೆ ಕೇಳುತ್ತದೆ. ಮಿಡಿ ಮಾನಿಟರ್ ತೆರೆದು ಚಕ್ರವನ್ನು ಮೆಲ್ಲಗೆ ತಿರುಗಿಸಿ, ಸಂಖ್ಯೆಗಳು ನೂರಿಪ್ಪತ್ತೆಂಟರ ಜಿಗಿತದಲ್ಲಿ ಬರುತ್ತಿದ್ದರೆ ಅದು ಇಂಥ ಕೀಬೋರ್ಡ್. ಬೆರಳನ್ನು ಕೀ ಮೇಲೆಯೇ ಸರಿಸುವ ಎಂಪಿಇ ಕೀಬೋರ್ಡ್ ಇನ್ನೂ ಒಳ್ಳೆಯದು, ಸರ್ಜ್ ಮತ್ತು ವೈಟಲ್ ಎರಡೂ ಅದನ್ನು ಒಪ್ಪುತ್ತವೆ. ಎಂಪಿಇಯಲ್ಲಿ ಬೆಂಡ್ ವ್ಯಾಪ್ತಿ ಸಾಮಾನ್ಯವಾಗಿ ±48. ಕೀಬೋರ್ಡ್‌ನಲ್ಲಿ 48, ಪ್ಲಗಿನ್‌ನಲ್ಲಿ 24 ಇದ್ದರೆ ಬೆರಳು ಪಂಚಮಕ್ಕೆ ಹೋದಾಗ ಸದ್ದು ಅರ್ಧ ದಾರಿಯಲ್ಲಿ ನಿಲ್ಲುತ್ತದೆ.

ಇನ್ನು ಸ್ವರಸ್ಥಾನ. ತಂಬೂರಿ ಹಾಕಿಕೊಂಡು ಅಂತರ ಗಾಂಧಾರ ಹಿಡಿದರೆ ಸಿಂಥ್ ಚೂರು ಏರಿರುವುದು ನಿಮ್ಮ ಕಿವಿಗೆ ಬಿದ್ದೇ ಇರುತ್ತದೆ. ಷಡ್ಜಕ್ಕೆ 5/4ರ ಅನುಪಾತದ ಗಾಂಧಾರ 386.3 ಸೆಂಟ್ಸ್, ಕೀಬೋರ್ಡ್‌ನದು 400. ಕಾಕಲಿ ನಿಷಾದಕ್ಕೆ 11.7, ಚತುಶ್ರುತಿ ಧೈವತಕ್ಕೆ 15.6 ಸೆಂಟ್ಸ್ ಇಳಿಸಬೇಕು. ಪಂಚಮದ ವ್ಯತ್ಯಾಸ ಎರಡೇ ಸೆಂಟ್ಸ್. ಈ ಅನುಪಾತಗಳನ್ನು ಬರೆದ ಸ್ಕಾಲಾ ಕಡತವನ್ನು ಸರ್ಜ್ ಎಕ್ಸ್‌ಟಿ ಮೇಲೆ ಎಳೆದು ಬಿಟ್ಟರೆ ಸಾಕು. ಹಾರ್ಡ್‌ವೇರ್‌ನಲ್ಲಿ ಕಾರ್ಗ್ ಮೊನೊಲಾಗ್ ಮತ್ತು ಮಿನಿಲಾಗ್ ಎಕ್ಸ್‌ಡಿ ನಿಮ್ಮದೇ ಶ್ರುತಿಪಟ್ಟಿಯನ್ನು ಉಳಿಸಿಕೊಳ್ಳುತ್ತವೆ.

ಈ ಹಂತದಲ್ಲಿ ಎಚ್ಚರ ಬೇಕು. ಐದು ಕಟ್ಟೆ ಅಂದರೆ ಷಡ್ಜ ಜಿ ಮೇಲೆ. ಶ್ರುತಿಪಟ್ಟಿಯ ಮೂಲ ಸಿ ಮೇಲೆಯೇ ಉಳಿದಿದ್ದರೆ ಜಿ ಇಂದ ಅಂತರ ಗಾಂಧಾರವೂ ಪಂಚಮವೂ ಸರಿಯಾಗೇ ಬರುತ್ತವೆ, ಚತುಶ್ರುತಿ ಋಷಭ ಮಾತ್ರ 9/8 ಬದಲು 10/9 ಆಗಿ 21.5 ಸೆಂಟ್ಸ್ ಇಳಿದುಬಿಡುತ್ತದೆ. ಉಳಿದೆಲ್ಲ ಸರಿಯಿದ್ದು ಒಂದೇ ಸ್ವರ ಕೆಟ್ಟಿರುವುದರಿಂದ ತಪ್ಪು ನಮ್ಮ ಕಿವಿಯದ್ದೇ ಅನ್ನಿಸುತ್ತದೆ. ಮೂಲವನ್ನು ಜಿಗೆ ಸರಿಸಿ. ಅಥವಾ ಸಿ ಮೇಲೆ ನುಡಿಸಿ, ಶ್ರುತಿಪಟ್ಟಿಯ ಉಲ್ಲೇಖ ಆವರ್ತನವನ್ನೇ ಏರಿಸಿ.

ಮುಂಬೈನ ಚರಣ್‌ಜಿತ್ ಸಿಂಗ್ 1982ರಲ್ಲಿ ರೋಲೆಂಡ್‌ನ ಜೂಪಿಟರ್-8, ಟಿಬಿ-303 (ಬೇಸ್ ಯಂತ್ರ), ಟಿಆರ್-808 (ತಾಳ ಯಂತ್ರ) ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಕೂರಿಸಿದ್ದರು. ಹಿಂದೂಸ್ತಾನಿ ಚೌಕಟ್ಟಿನದ್ದಾದರೂ ಅದನ್ನು ಕೇಳಿ. ಟಿಬಿ-303ರಲ್ಲಿ ಸ್ಲೈಡ್ ಎಂಬುದನ್ನು ಸ್ವರಸ್ವರಕ್ಕೂ ಬೇರೆ ಬೇರೆಯಾಗಿ ಹಚ್ಚಬಹುದು. ಎಲ್ಲ ಸ್ವರಕ್ಕೂ ಗ್ಲೈಡ್ ಬಳಿಯದೆ ಬೇಕಾದ ಕಡೆ ಮಾತ್ರ ಇಡುವುದರಿಂದ ಏನು ದಕ್ಕುತ್ತದೆಂಬುದು ಅಲ್ಲಿ ಕೇಳಿಸುತ್ತದೆ.

ಪ್ರಶ್ನೆ: ಎಂಬತ್ತರ ದಶಕದ ಗಂಟೆಯಂಥ ಎಲೆಕ್ಟ್ರಿಕ್ ಪಿಯಾನೋ ಸದ್ದು ಬೇಕು. ಸಾ ತರಂಗ, ಫಿಲ್ಟರ್ ಇಟ್ಟು ಎಷ್ಟು ಹೆಣಗಿದರೂ ಬರುತ್ತಿಲ್ಲ.
— ಓದುಗರು, ಕಲಬುರಗಿ

ಆ ದಾರಿಯಲ್ಲಿ ಬರುವುದೂ ಇಲ್ಲ. ಅದು 1983ರ ಯಮಾಹಾ ಡಿಎಕ್ಸ್7 ಹರಡಿದ ಎಫ್‌ಎಂ (ಒಂದು ತರಂಗದಿಂದ ಇನ್ನೊಂದನ್ನು ಅಲುಗಿಸುವ ವಿಧಾನದ) ಸದ್ದು, ಅಲ್ಲಿ ಫಿಲ್ಟರೇ ಇಲ್ಲ. ಡೆಕ್ಸೆಡ್ ಎಂಬ ಉಚಿತ ಪ್ಲಗಿನ್ ಹಾಕಿಕೊಳ್ಳಿ. ಆರು ಆಪರೇಟರ್ (ತರಂಗ ಹುಟ್ಟಿಸುವ ಘಟಕ), 32 ಆಲ್ಗರಿದಂ (ಅವನ್ನು ಜೋಡಿಸುವ ಬಗೆ), ಎಲ್ಲ ಡಿಎಕ್ಸ್7ನವೇ. ಆಲ್ಗರಿದಂ 5 ಆರಿಸಿ. ಒಂದು ಕ್ಯಾರಿಯರ್ (ಕಿವಿಗೆ ಕೇಳುವ ಆಪರೇಟರ್) ಅನುಪಾತ 1, ಅದನ್ನು ಅಲುಗಿಸುವ ಮಾಡ್ಯುಲೇಟರ್ ಅನುಪಾತ 14 ಇಟ್ಟು, ಮಾಡ್ಯುಲೇಟರ್ ಬೇಗ ಆರಿಹೋಗುವಂತೆ ಮಾಡಿ. ಮೊದಲ ಗಳಿಗೆಯ 'ಟಿಂಗ್' ಅಲ್ಲಿಂದ ಬರುತ್ತದೆ. ಉಳಿದ ಜೋಡಿಗಳು 1:1. ಮಾಡ್ಯುಲೇಟರ್‌ಗೆ ವೆಲಾಸಿಟಿ (ಕೀ ಒತ್ತಿದ ಬಲ) ಹಚ್ಚಿ, ಜೋರಾಗಿ ಒತ್ತಿದಾಗ ಸದ್ದು ದೊಡ್ಡದಾಗುವುದಕ್ಕಿಂತ ಹೊಳಪಾಗಬೇಕು.

ಹಳೆಯ ಡಿಎಕ್ಸ್7 ಪ್ಯಾಚ್ ಕಡತಗಳೂ ಇದರಲ್ಲಿ ತೆರೆಯುತ್ತವೆ. 32 ಪ್ಯಾಚ್‌ಗಳ ಒಂದು ಬ್ಯಾಂಕ್ ಸರಿಯಾಗಿ 4,104 ಬೈಟ್ ಇರಬೇಕು. ಅಳತೆ ಬೇರೆ ಇದ್ದರೆ ಕಡತ ಮುರಿದಿದೆ ಅಥವಾ ಬೇರೆ ಬಗೆಯದು. ಹಾರ್ಡ್‌ವೇರ್ ಬೇಕೆಂದರೆ ಕಾರ್ಗ್ ವೊಲ್ಕಾ ಎಫ್‌ಎಂ ಇವೇ ಬ್ಯಾಂಕ್‌ಗಳನ್ನು ಓದುತ್ತದೆ.

ಪ್ರಶ್ನೆ: ನ್ಯೂಜೆರ್ಸಿಯಲ್ಲಿ ಒಂದು ಹಳೆಯ ರೋಲೆಂಡ್ ಜೂನೊ-106 ಮಾರಾಟಕ್ಕಿದೆ. ಊರಿಗೆ ಬರುವಾಗ ತರಬೇಕೆಂದಿದ್ದೇನೆ. ಏನು ನೋಡಿ ಕೊಳ್ಳಬೇಕು?
— ಶಿವಮೊಗ್ಗ ಮೂಲದ ಓದುಗರು, ಅಮೆರಿಕ

1984ರ ಯಂತ್ರ, ಆರು ಧ್ವನಿ. ಅದರ ಕುಖ್ಯಾತ ಕಾಯಿಲೆ 80017ಎ ಎಂಬ ಚಿಪ್. ಪ್ರತಿ ಧ್ವನಿಗೂ ಅಂಥದ್ದೊಂದು ಇದೆ, ಫಿಲ್ಟರ್ ಅದರೊಳಗೇ ಇದೆ. ಚಿಪ್ ಮೇಲೆ ಬಳಿದ ಎಪಾಕ್ಸಿ ಲೇಪ ವರ್ಷಗಳು ಕಳೆದಂತೆ ವಿದ್ಯುತ್ ಸೋರಿಸತೊಡಗುತ್ತದೆ. ಆಗ ಒಂದು ಧ್ವನಿ ಸತ್ತುಹೋಗುತ್ತದೆ, ಇಲ್ಲವೇ ಕರಕರ ಎನ್ನುತ್ತದೆ, ಇಲ್ಲವೇ ಕೀ ಬಿಟ್ಟ ಮೇಲೂ ಗುಂಯ್‌ಗುಡುತ್ತದೆ.

ಪರೀಕ್ಷೆ ಹೀಗೆ: ಕೀ ಟ್ರಾನ್ಸ್‌ಪೋಸ್ ಒತ್ತಿ ಹಿಡಿದು ಪವರ್ ಆನ್ ಮಾಡಿ. ಟೆಸ್ಟ್ ಮೋಡ್‌ಗೆ ಹೋಗಿ, ಒಂದೊಂದು ಕೀ ಒತ್ತಿದಾಗಲೂ ಯಾವ ಧ್ವನಿ ನುಡಿಯುತ್ತಿದೆ ಎಂಬ ಅಂಕೆ ತೋರಿಸುತ್ತದೆ. ಒಂದರಿಂದ ಆರರವರೆಗೂ ಕೇಳಿ. ಯಂತ್ರ ಬಿಸಿಯಾದ ಮೇಲೆ, ಅರ್ಧ ಗಂಟೆ ಬಿಟ್ಟು ಮತ್ತೊಮ್ಮೆ ಕೇಳಿ. ಮಾರುವವರು ಆರನೇ ಸಲಕ್ಕೊಮ್ಮೆ ಬರುವ ದೋಷವನ್ನು ಗಮನಿಸಿಯೇ ಇರುವುದಿಲ್ಲ. ಚಿಪ್ಪನ್ನು ಅಸಿಟೋನ್‌ನಲ್ಲಿ ನೆನೆಸಿ ಲೇಪ ತೆಗೆದರೆ ಬಹಳ ಸಲ ಬದುಕುತ್ತದೆ, ಹೊಸದಾಗಿ ಮಾಡಿದ ಬದಲಿ ಚಿಪ್‌ಗಳೂ ಸಿಗುತ್ತವೆ. ಎರಡಕ್ಕೂ ಬೋರ್ಡ್‌ನಿಂದ ಬೆಸುಗೆ ಬಿಡಿಸಬಲ್ಲ ಪಳಗಿದ ಕೈ ಬೇಕು. ಒಳಗೆ ಬೆಸೆದ ಸಿಆರ್2032 ಬ್ಯಾಟರಿ ಬದಲಿಸಿದ್ದಾರೆಯೇ ಕೇಳಿ, ಅದು ಮುಗಿದರೆ 128 ಪ್ಯಾಚ್‌ಗಳೂ ಅಳಿಸಿಹೋಗುತ್ತವೆ.

ಅಮೆರಿಕದ ಯಂತ್ರವನ್ನು ನಮ್ಮ 230 ವೋಲ್ಟ್‌ಗೆ ನೇರ ಚುಚ್ಚಿದರೆ ಕಥೆ ಮುಗಿಯಿತು. ಪ್ಲಗ್ ಬದಲಿಸುವ ಅಡಾಪ್ಟರ್ ವೋಲ್ಟೇಜ್ ಬದಲಿಸುವುದಿಲ್ಲ. 230ರಿಂದ 110–120ಕ್ಕೆ ಇಳಿಸುವ, ಕನಿಷ್ಠ 100 ವಿಎ ಸಾಮರ್ಥ್ಯದ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು.

ನಮ್ಮನ್ನು ಕೇಳಿದರೆ, ಹಳೆಯ ಯಂತ್ರ ರಿಪೇರಿ ಮಾಡಬಲ್ಲವರು ಹತ್ತಿರದಲ್ಲಿಲ್ಲದ ಊರಿಗೆ 10 ಕಿಲೋ ತೂಕದ ಇದನ್ನು ತರುವುದಕ್ಕಿಂತ ಜೂನೊ-60ರ ಅನುಕರಣೆಯಾದ ಟಾಲ್ ಯು-ನೋ-ಎಲ್ಎಕ್ಸ್ ಪ್ಲಗಿನ್ ಕೊಳ್ಳುವುದು ಮೇಲು. ಜೂನೊದ ಕೋರಸ್‌ನ (ಸದ್ದನ್ನು ಹರಡಿ ತುಂಬುವ ಪರಿಣಾಮ) ಸದ್ದು ಅದರಲ್ಲಿ ಚೆನ್ನಾಗಿ ಬಂದಿದೆ. ಮುಟ್ಟಲು ನಾಬ್ ಬೇಕೆಂದರೆ ರೋಲೆಂಡ್‌ನದೇ ನಾಲ್ಕು ಧ್ವನಿಯ ಜೆಯು-06ಎ ಇದೆ.

ಪ್ರಶ್ನೆ: ಸಿಂಥನ್ನು ಯುಎಸ್‌ಬಿಯಿಂದ ಲ್ಯಾಪ್‌ಟಾಪ್‌ಗೂ, ಆಡಿಯೋ ಕೇಬಲ್‌ನಿಂದ ಇಂಟರ್‌ಫೇಸ್‌ಗೂ ಜೋಡಿಸಿದೆ. ಕೀಂ ಎಂಬ ಸದ್ದು, ಮೌಸ್ ಅಲುಗಿಸಿದರೆ ಅದೂ ಬದಲಾಗುತ್ತದೆ. ಮುಟ್ಟಿದರೆ ಸಣ್ಣಗೆ ಜುಂ ಅನ್ನುತ್ತದೆ.
— ಓದುಗರು, ಮಂಗಳೂರು

ಕೀಂ ಸದ್ದು ಗ್ರೌಂಡ್ ಲೂಪ್. ಲ್ಯಾಪ್‌ಟಾಪ್ ಮತ್ತು ಸಿಂಥ್ ನಡುವೆ ನೆಲದ ತಂತಿ ಎರಡು ದಾರಿಯಲ್ಲಿ ಕೂಡಿದೆ, ಯುಎಸ್‌ಬಿಯಲ್ಲಿ ಒಂದು, ಆಡಿಯೋ ಕೇಬಲ್‌ನಲ್ಲಿ ಇನ್ನೊಂದು. ಲ್ಯಾಪ್‌ಟಾಪ್ ಚಾರ್ಜರ್ ತೆಗೆದು ನೋಡಿ, ಆಮೇಲೆ ಯುಎಸ್‌ಬಿ ತೆಗೆದು ನೋಡಿ. ಯಾವುದಕ್ಕೆ ಸದ್ದು ನಿಂತಿತೋ ಅದೇ ದಾರಿ.

ಅಗ್ಗದ ಪರಿಹಾರ ಯುಎಸ್‌ಬಿ ಬಿಟ್ಟು ಐದು ಪಿನ್ನಿನ ಮಿಡಿ ಕೇಬಲ್ ಬಳಸುವುದು. ಮಿಡಿ ಇನ್‌ಪುಟ್‌ನಲ್ಲಿ ಆಪ್ಟೋಕಪ್ಲರ್ ಇರುತ್ತದೆ. ಸಂಕೇತ ಬೆಳಕಿನ ಮೂಲಕ ದಾಟುವುದರಿಂದ ವಿದ್ಯುತ್ ಸಂಪರ್ಕವೇ ಇರುವುದಿಲ್ಲ. ಯುಎಸ್‌ಬಿಯೇ ಬೇಕೆಂದರೆ ಯುಎಸ್‌ಬಿ ಐಸೊಲೇಟರ್ ಹಾಕಿ. 12 ಎಂಬಿಪಿಎಸ್‌ನದು ಮಿಡಿಗೆ ಧಾರಾಳ, ಆದರೆ ಅದನ್ನು ಆಡಿಯೋ ಇಂಟರ್‌ಫೇಸ್‌ಗೆ ಹಾಕಬೇಡಿ, ವೇಗ ಸಾಲದು. ಎಲ್ಲ ಉಪಕರಣವನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ತನ್ನಿ. ಟಿಆರ್‌ಎಸ್ ಕೇಬಲ್‌ನಿಂದ ಲಾಭವಾಗಬೇಕಾದರೆ ಸಿಂಥ್‌ನ ಔಟ್‌ಪುಟ್ ಬ್ಯಾಲೆನ್ಸ್ಡ್ (ದಾರಿಯಲ್ಲಿ ಸೇರುವ ಗದ್ದಲ ರದ್ದಾಗುವಂತೆ ಎರಡು ತಂತಿಯಲ್ಲಿ ಸಂಕೇತ ಕಳಿಸುವಂಥದ್ದು) ಇರಬೇಕು, ಎಷ್ಟೋ ಸಿಂಥ್‌ಗಳಲ್ಲಿ ಇರುವುದಿಲ್ಲ. ಆಗ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ (ಸಂಕೇತವನ್ನು ಬ್ಯಾಲೆನ್ಸ್ಡ್ ಮಾಡಿಕೊಡುವ ಪೆಟ್ಟಿಗೆ) ಬೇಕು.

ಮುಟ್ಟಿದರೆ ಜುಂ ಅನ್ನುವುದನ್ನು ಹಗುರವಾಗಿ ಬಿಡಬೇಡಿ. ಹೆಚ್ಚಾಗಿ ಅದು ಚಾರ್ಜರ್‌ನ ಫಿಲ್ಟರ್ ಕೆಪಾಸಿಟರ್ ಸೋರಿಸುವ ಅತಿ ಸಣ್ಣ ಕರೆಂಟ್, ಗೋಡೆಯ ಸಾಕೆಟ್‌ಗೆ ಅರ್ಥಿಂಗ್ ಇಲ್ಲದಿದ್ದರೆ ಅದು ನಿಮ್ಮ ಮೈ ಮೂಲಕ ನೆಲಕ್ಕೆ ಹೋಗುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಅಳತೆ ಮಾಡಿಸಿ. ಸದ್ದು ನಿಲ್ಲಿಸಲೆಂದು ಮೂರನೇ ಪಿನ್ ಕತ್ತರಿಸುವ ಸಲಹೆ ಯಾರಾದರೂ ಕೊಟ್ಟರೆ ಕೇಳಲೇಬೇಡಿ. ಒಳಗೆ ಏನಾದರೂ ಶಾರ್ಟ್ ಆದ ದಿನ ಪ್ರಾಣ ಉಳಿಸುವುದು ಅದೊಂದೇ.

ಪ್ರಶ್ನೆ: ಗಿಟಾರ್ ಪೆಡಲ್‌ನ 9 ವೋಲ್ಟ್ ಅಡಾಪ್ಟರ್ ಅನ್ನು ಕಾರ್ಗ್ ವೊಲ್ಕಾಗೆ ಹಾಕಿದೆ, ಆನ್ ಆಗುತ್ತಿಲ್ಲ. ವೋಲ್ಟೇಜ್ ಸರಿ ಇದೆಯಲ್ಲ?
— ಓದುಗರು, ಬೆಳಗಾವಿ

ವೋಲ್ಟೇಜ್ ಸರಿ, ಧ್ರುವ ತಲೆಕೆಳಗು. ಗಿಟಾರ್ ಪೆಡಲ್ ಅಡಾಪ್ಟರ್‌ಗಳಲ್ಲಿ ಸಾಮಾನ್ಯವಾಗಿ ನಡುವಿನ ಪಿನ್ ಋಣ, ವೊಲ್ಕಾಗೆ ಅದು ಧನ ಇರಬೇಕು. ಕೂಡಲೇ ತೆಗೆದು, ಆರು ಎಎ ಬ್ಯಾಟರಿ ಹಾಕಿ ನೋಡಿ. ಓಡಿದರೆ ಮುಖ್ಯ ಬೋರ್ಡ್ ಉಳಿದಿದೆ. ಓಡದಿದ್ದರೆ ಸರ್ವಿಸ್‌ಗೆ ಕೊಡಬೇಕು. ಮುಂದೆ ಅಡಾಪ್ಟರ್ ಕೊಳ್ಳುವಾಗ ಕಾರ್ಗ್‌ನ ಕೆಎ-350ರ ಅಳತೆ ನೋಡಿ: 9 ವೋಲ್ಟ್, 1.7 ಆಂಪಿಯರ್, ನಡು ಧನ. ಆಂಪಿಯರ್ ಇದಕ್ಕಿಂತ ಹೆಚ್ಚಿದ್ದರೆ ತೊಂದರೆಯಿಲ್ಲ. ವೋಲ್ಟ್ ಮತ್ತು ಧ್ರುವ ಮಾತ್ರ ಹೀಗೇ ಇರಬೇಕು.